ಅಗ್ಗದ ಲೆಕ್ಕ ಯಾರ ಖಾತೆಗೆ?

"ಮುಂಬಯಿಯಲ್ಲಿ ಬಟ್ಟೆಬರೆ ಭಾರೀ ಅಗ್ಗ ಅಂತಲ್ಲ, ಹೌದಾ?"

ಊರಿಗೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು. ನಲವತ್ತೈದು ವರ್ಷಗಳಿಂದ ಎದುರಾಗುತ್ತಲೇ ಇದೆ. ಮೊದಲೆಲ್ಲ "ಹೌದು ಮಾರಾಯ್ರೆ, ಅಲ್ಲಿ ರಾಶಿ ಹಾಕಿ ಮಾರ್ತಾರೆ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ, ಮುಂಬಯಿಯನ್ನು ನಾನೇ ಕಟ್ಟಿಸಿದವನ ಹಾಗೆ. ಈಗ ಅಷ್ಟು ಸುಲಭವಾಗಿ ನಾಲಗೆ ಹೊರಳುವುದಿಲ್ಲ. ಅದಕ್ಕೆ ಕಾರಣ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಓದಿದ ಕೆಲವರಿಗೆ ಕಹಿಯಾಗಬಹುದು. ಮೊದಲು ಕಹಿಯಾದದ್ದು ನನಗೇ.

ನಾನು ಕುಂದಾಪುರ ಕಡೆಯವನು. ಬಿ.ಕಾಂ. ಮುಗಿಸಿ 1980ರಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಮುಂಬಯಿಗೆ ಬಂದೆ. ದಾದರಿನ ಒಂದು ಕೋಣೆಯಲ್ಲಿ ಊರಿನ ಆರು ಹುಡುಗರ ಜತೆ ವಾಸ. ಸಂಜೆ ಹೊತ್ತು ಓದಿ ಎಂ.ಕಾಂ. ಮಾಡಿಕೊಂಡೆ, ಆಫೀಸರನಾದೆ, ಮದುವೆಯಾದ ಮೇಲೆ ಡೊಂಬಿವಲಿಯಲ್ಲಿ ಮನೆ ಮಾಡಿದೆ, 2019ರಲ್ಲಿ ನಿವೃತ್ತನಾದೆ. ಇಷ್ಟು ವರ್ಷ ಲೆಕ್ಕದ ಪುಸ್ತಕದ ಎದುರು ಕೂತು ನಾನು ಕಲಿತದ್ದು ಒಂದೇ ಪಾಠ. ಪ್ರತಿಯೊಂದು ಜಮೆಗೂ ಎಲ್ಲೋ ಒಂದು ಕಡೆ ಖರ್ಚು ಇರಲೇಬೇಕು. ಇಲ್ಲದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಈಗ ದೊಡ್ಡ ಮಳಿಗೆಗಳ ಬಿಲ್ಲಿನ ಕೆಳತುದಿಯಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ: "ಇಂದು ನೀವು ಉಳಿಸಿದ ಹಣ ರೂ. 412." ಒಳ್ಳೆಯದು. ಅದು ಜಮೆ ಆಯಿತು. ಹಾಗಾದರೆ ಆ 412 ರೂಪಾಯಿ ಖರ್ಚು ಬಿದ್ದದ್ದು ಯಾರ ಖಾತೆಗೆ? ಈ ಪ್ರಶ್ನೆಯನ್ನು ನಾನು ಬ್ಯಾಂಕಿನಲ್ಲಿ ದಿನಕ್ಕೆ ನೂರು ಸಲ ಕೇಳಿದ್ದೇನೆ. ಅಂಗಡಿಯಲ್ಲಿ ಮೂವತ್ತು ವರ್ಷ ಒಮ್ಮೆಯೂ ಕೇಳಲಿಲ್ಲ.

ನಾನು ಮುಂಬಯಿಗೆ ಬಂದ ಕಾಲಕ್ಕೆ ಪರೇಲ್, ಲಾಲ್‌ಬಾಗ್, ವರ್ಲಿಯ ಆಕಾಶದ ತುಂಬ ಬಟ್ಟೆ ಗಿರಣಿಗಳ ಚಿಮಣಿಗಳೇ. ಮಿಲ್ಲಿನವರದೇ ಚಿಲ್ಲರೆ ಅಂಗಡಿಗಳಿರುತ್ತಿದ್ದವು. ಅಲ್ಲಿ 'ಫೆಂಟ್' ಎಂದು ತುಂಡು ಬಟ್ಟೆ, 'ಸೆಕೆಂಡ್ಸ್' ಎಂದು ಐಬಿದ್ದ ಬಟ್ಟೆ ಕಡಿಮೆ ಬೆಲೆಗೆ ಸಿಗುತ್ತಿತ್ತು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಬಣ್ಣ ಹತ್ತಿಲ್ಲ ಎಂದು ಅಂಗಡಿಯವನೇ ಬಟ್ಟೆ ಬಿಡಿಸಿ ತೋರಿಸುತ್ತಿದ್ದ. ನನ್ನ ಮೊದಲ ವರ್ಷದ ರಜೆಯಲ್ಲಿ ಅಂಥದೇ ಒಂದು ಪ್ಯಾಂಟಿನ ತುಂಡನ್ನು ಅಣ್ಣನಿಗೆಂದು ಒಯ್ದಿದ್ದೆ. ಅಣ್ಣನಿಗೆ ನಮ್ಮೂರ ಪೇಟೆಯಲ್ಲಿ ಸಣ್ಣದೊಂದು ಜವಳಿ ಅಂಗಡಿ ಇತ್ತು, ಜಗಲಿಯಲ್ಲಿ ಒಬ್ಬ ಟೈಲರು. ಅಣ್ಣ ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಇಲ್ಲಿ ಕಾಣು, ಒಂದು ಎಳೆ ತಪ್ಪಿದೆ. ಆದರೂ ಕೊಟ್ಟ ಬೆಲೆಗೆ ಅಡ್ಡಿಲ್ಲ" ಎಂದ. ಮಿಲ್ಲಿನವನು ಮುಂಬಯಿಯಲ್ಲಿ ಹೇಳಿದ್ದನ್ನೇ ಅಣ್ಣ ಊರಿನಲ್ಲಿ ಕೂತು ಹೇಳಿದ್ದ. ಅಂದರೆ ಇಬ್ಬರ ಲೆಕ್ಕವೂ ತಾಳೆಯಾಯಿತು.

ಖಾದಿ ಭಂಡಾರದಲ್ಲಿ ಗಾಂಧಿ ಜಯಂತಿಗೆ ರಿಯಾಯಿತಿ ಸಿಗುತ್ತಿದ್ದದ್ದೂ ಹೀಗೆಯೇ. ಅದರ ಭಾರ ಹೊರುತ್ತಿದ್ದದ್ದು ಸರಕಾರ, ಅದು ಎಲ್ಲರಿಗೂ ತಿಳಿದ ಸಂಗತಿ. ಇಂಥ ಅಗ್ಗವನ್ನು ನಾನು 'ಕಾರಣ ಹೇಳಿದ ಅಗ್ಗ' ಎನ್ನುತ್ತೇನೆ. ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ತಕರಾರಿರುವುದು ಕಾರಣ ಹೇಳದ ಅಗ್ಗದ ಮೇಲೆ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳ ಮಂದಿ ಮತ್ತೆ ಒಳಗೆ ಹೋಗಲಿಲ್ಲ. ಆ ಭಾಗದಲ್ಲಿ ನನಗೆ ಪರಿಚಯವಿದ್ದ ನಮ್ಮೂರಿನವರ ಹೋಟೆಲೊಂದರಲ್ಲಿ ಕಾರ್ಮಿಕರ ಊಟದ ಕಡದ ಪುಸ್ತಕ ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಾ ಹೋಯಿತು. ಕೊನೆಗೆ ಯಜಮಾನರು ಅದನ್ನು ಕಟ್ಟಿ ಅಟ್ಟಕ್ಕೆ ಹಾಕಿದರು. ಒಂದೊಂದಾಗಿ ಮಿಲ್ಲುಗಳು ನಿಂತವು. 1905ರಷ್ಟು ಹಳೆಯದಾದ ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಆವರಣದಲ್ಲಿ ಮಾಲ್ ಎದ್ದಿತು. ಬಟ್ಟೆ ನೇಯುತ್ತಿದ್ದ ಜಾಗದಲ್ಲಿ ಎಲ್ಲಿಯೋ ನೇಯ್ದ ಬಟ್ಟೆಯನ್ನು ರಾಶಿ ಹಾಕಿ ಮಾರತೊಡಗಿದರು. 2001ರಲ್ಲಿ ಶುರುವಾದ ಬಿಗ್ ಬಜಾರ್ ಮುಂಬಯಿಯಲ್ಲಿ ಅಂಗಡಿ ತೆರೆದದ್ದು ಅಲ್ಲೇ. ಮರುವರ್ಷ, 2002ರಲ್ಲಿ, ಪೊವಾಯಿಯಲ್ಲಿ ಮೊದಲ ಡಿ-ಮಾರ್ಟ್ ಬಂತು.

ಅಗ್ಗವನ್ನು ಮುಂಬಯಿಗೆ ತಂದವರು ಇವರೇ ಎಂದೇನೂ ತಿಳಿಯಬೇಡಿ. ನಾಯಗಾಂವಿನ ಕಾರ್ಮಿಕರ ನಡುವೆ 1948ರಲ್ಲೇ ಅಪ್ನಾ ಬಜಾರ್ ಸಹಕಾರಿ ಸಂಘವಾಗಿ ಹುಟ್ಟಿತ್ತು. ಸಹಕಾರಿ ಭಂಡಾರ್ 1968ರದ್ದು. ನನ್ನ ಸಂಸಾರದ ಮೊದಲ ಕುಕ್ಕರು, ಮಗಳ ಮೊದಲ ರೇನ್‌ಕೋಟು ಅಂಥ ಕಡೆ ಕೊಂಡದ್ದೇ. ಡಿ-ಮಾರ್ಟಿನ ರಾಧಾಕಿಶನ್ ದಮಾನಿಯವರೂ ಮೊದಲು ನೆರೂಲಿನಲ್ಲಿ ಅಪ್ನಾ ಬಜಾರಿನ ಫ್ರಾಂಚೈಸಿ ನಡೆಸಿದವರು. ವ್ಯತ್ಯಾಸ ಇಷ್ಟೇ. ಸಹಕಾರಿ ಅಂಗಡಿಯಲ್ಲಿ ಉಳಿದ ಲಾಭ ಸದಸ್ಯರದು, ಲೆಕ್ಕಪತ್ರ ಸದಸ್ಯರ ಸಭೆಯ ಮುಂದೆ ಬರುತ್ತಿತ್ತು. ಖರ್ಚು ಯಾರ ಖಾತೆಗೆ ಎಂದು ಎದ್ದು ನಿಂತು ಕೇಳಬಹುದಿತ್ತು.

ಮುಂದೆ 2006ರ ಜನವರಿ 26 ಬಂತು. ಬಿಗ್ ಬಜಾರಿನವರು ಆ ದಿನವನ್ನು 'ಸಬ್‌ಸೇ ಸಸ್ತಾ ದಿನ್' ಎಂದು ಘೋಷಿಸಿದರು. ದೇಶದ ಹಲವು ನಗರಗಳಲ್ಲಿ ಜನ ಎಷ್ಟು ನುಗ್ಗಿದರೆಂದರೆ ಪೊಲೀಸರು ಬರಬೇಕಾಯಿತು, ಅಂಗಡಿ ಬಾಗಿಲು ಮುಚ್ಚಬೇಕಾಯಿತು. ಗಣರಾಜ್ಯೋತ್ಸವದ ದಿನ ಬೆಳಗ್ಗೆ ಧ್ವಜವಂದನೆ ಮಾಡಬೇಕಾದ ಪ್ರಜೆಗಳು ಬಕೆಟ್ಟು, ಬೆಡ್‌ಶೀಟಿಗಾಗಿ ಸಾಲು ನಿಂತರು. ಅದು ಎಲ್ಲ ಅಂಗಡಿಗಳಿಗೂ ಪಾಠವಾಯಿತು. ಆಮೇಲೆ ಸ್ವಾತಂತ್ರ್ಯ ದಿನಕ್ಕೆ, ದೀಪಾವಳಿಗೆ, ಹೊಸ ವರ್ಷಕ್ಕೆ ಸೇಲ್. ಈಗಂತೂ ಸೇಲ್ ಇಲ್ಲದ ದಿನ ಹುಡುಕಬೇಕು. ನಾನು ಇದನ್ನೆಲ್ಲ ದೂರ ನಿಂತು ನೋಡಿದೆ ಎಂದರೆ ಸುಳ್ಳಾಗುತ್ತದೆ. ರಜೆ ಬಂದರೆ ಸಾಕು, ನಾನೂ ಚೀಲ ಹಿಡಿದು ಹೊರಡುತ್ತಿದ್ದೆ.

ನನ್ನ ಕಣ್ಣು ಮೊದಲ ಸಲ ತೆರೆಸಿದ್ದು ಒಂದು ಸ್ಟಿಕ್ಕರು. ಉಪನಗರದ ಒಂದು ದೊಡ್ಡ ಮಳಿಗೆಯಲ್ಲಿ (ಹೆಸರು ಬೇಡ) ಅರ್ಧ ಬೆಲೆಗೆ ಅಂಗಿ ಕೊಂಡಿದ್ದೆ. ಎಂ.ಆರ್.ಪಿ. 799, ನಾನು ಕೊಟ್ಟದ್ದು 399. ಮನೆಗೆ ಬಂದು ಉಗುರಿನಿಂದ ಸ್ಟಿಕ್ಕರು ಕೆದಕಿದರೆ ಅದರಡಿ ಇನ್ನೊಂದು ಸ್ಟಿಕ್ಕರು. ಅದರಲ್ಲಿ 449 ಎಂದಿತ್ತು! ಅಂದರೆ ನನಗೆ ಸಿಕ್ಕಿದ ನಿಜವಾದ ರಿಯಾಯಿತಿ ಐವತ್ತು ರೂಪಾಯಿ. ಉಳಿದ ಮುನ್ನೂರೈವತ್ತು ರೂಪಾಯಿ ಎಂದೂ ಇರಲೇ ಇಲ್ಲ. ಇರದ ಹಣವನ್ನು ಉಳಿಸಿದೆನೆಂದು ನಾನು ರೈಲಿನಲ್ಲಿ ಸಂತೋಷಪಟ್ಟಿದ್ದೆ.

ಎಂ.ಆರ್.ಪಿ. ಎಂದರೆ ಗರಿಷ್ಠ ಚಿಲ್ಲರೆ ಬೆಲೆ. ಎಲ್ಲ ತೆರಿಗೆ ಸೇರಿಸಿ ಈ ಬೆಲೆಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂಬ ನಿಯಮ 1990ರಲ್ಲಿ ಬಂತು. ಉದ್ದೇಶ ಒಳ್ಳೆಯದೇ. 'ತೆರಿಗೆ ಬೇರೆ' ಎಂದು ಅಂಗಡಿಯವರು ಮನಬಂದಂತೆ ವಸೂಲು ಮಾಡುವುದನ್ನು ತಡೆಯಬೇಕಿತ್ತು. ಆದರೆ ಆ ನಿಯಮ ಹೇಳುವುದು ಇದಕ್ಕಿಂತ ಹೆಚ್ಚಿಗೆ ಮಾರಬೇಡಿ ಎಂದು ಮಾತ್ರ. ಈ ಸಂಖ್ಯೆ ನ್ಯಾಯವಾಗಿರಬೇಕು ಎಂದು ಅದು ಹೇಳುವುದಿಲ್ಲ. ಔಷಧಿಯಂಥ ಕೆಲವು ವಸ್ತುಗಳನ್ನು ಬಿಟ್ಟರೆ ಆ ಸಂಖ್ಯೆಯನ್ನು ಬರೆಯುವವನು ತಯಾರಕನೇ. ಬೇಳೆಯ ಬೆಲೆ ನಾಲ್ಕು ಅಂಗಡಿ ತಿರುಗಿದರೆ ಯಾರಿಗೂ ಗೊತ್ತಾಗುತ್ತದೆ. ಅಂಗಿಯ ಬೆಲೆ ಯಾರಿಗೆ ಗೊತ್ತು? ಕಾಲರ್ ಒಂದಿಷ್ಟು ಬೇರೆ, ಗುಂಡಿ ಬೇರೆ, ಹೆಸರು ಬೇರೆ. ಆದ್ದರಿಂದ ಉಡುಪಿನ ಮೇಲಿನ ಎಂ.ಆರ್.ಪಿ. ಎಷ್ಟೋ ಕಡೆ ಮಾರುವ ಬೆಲೆಯೇ ಅಲ್ಲ, ಗೀರು ಹಾಕಿ ಹೊಡೆದುಹಾಕಲೆಂದೇ ಬರೆದ ಬೆಲೆ.

'ಒಂದು ಕೊಂಡರೆ ಒಂದು ಉಚಿತ' ಎಂಬುದರ ಲೆಕ್ಕವನ್ನೂ ಮಾಡಿ ನೋಡಿ. ಅಂಗಿಯ ಮೇಲೆ 1,299 ಎಂದಿದೆ. ಎರಡು ಕೊಡುತ್ತಾರೆ. ಅಂದರೆ ಒಂದಕ್ಕೆ 650. ನನಗೆ ಬೇಕಾದದ್ದು ಒಂದೇ, 650 ತಗೊಂಡು ಒಂದೇ ಕೊಡಿ ಎಂದರೆ ಕೊಡುವುದಿಲ್ಲ. ಹಾಗಾದರೆ ನಾನು ಉಳಿಸಿದ್ದೇನು? ಬೇಡದ ಇನ್ನೊಂದು ಅಂಗಿಗೆ 649 ರೂಪಾಯಿ ಹೆಚ್ಚು ಖರ್ಚು ಮಾಡಿದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಯನ್ನು ಈ ಕಂಪೆನಿಯವರು ನಮಗಿಂತ ಚೆನ್ನಾಗಿ ಓದಿಕೊಂಡಿದ್ದಾರೆ.

ಐರೋಪ್ಯ ಒಕ್ಕೂಟದಲ್ಲಿ 2022ರ ಮೇ ತಿಂಗಳಿಂದ ಒಂದು ನಿಯಮ ಜಾರಿಯಲ್ಲಿದೆ. ಬೆಲೆ ಇಳಿಸಿದ್ದೇವೆ ಎಂದು ಬೋರ್ಡು ಹಾಕುವ ಅಂಗಡಿಯವನು ಹಿಂದಿನ ಮೂವತ್ತು ದಿನಗಳಲ್ಲಿ ತಾನು ಆ ವಸ್ತುವಿಗೆ ಹಾಕಿದ್ದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ನಮ್ಮಲ್ಲೂ ಅದೇ ವರ್ಷದ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಬಂದಿದೆ. ಆದರೆ ಮೂವತ್ತು ದಿನದ ಹಿಂದಿನ ಬೆಲೆ ತೋರಿಸಿ ಎಂಬ ಕಡ್ಡಾಯ ನಮ್ಮಲ್ಲಿಲ್ಲ. ಯಾಕೆ ಇರಬಾರದು? ಗ್ರಾಹಕ ವೇದಿಕೆಗಳು, ನಮ್ಮ ಸಂಸದರು ಇದನ್ನು ಕೇಳಬೇಕು.

ಇನ್ನು ದಿನಸಿ. ಇಲ್ಲಿ ನಾನು ನ್ಯಾಯವಾಗಿ ಮಾತಾಡಬೇಕು. ಬೇಳೆ, ಸಕ್ಕರೆ, ಎಣ್ಣೆ ಈ ಮಳಿಗೆಗಳಲ್ಲಿ ಬಹಳ ಸಲ ನಿಜವಾಗಿಯೇ ಅಗ್ಗ. ಡಿ-ಮಾರ್ಟಿನವರು ತಮ್ಮ ಮಳಿಗೆಗಳಲ್ಲಿ ಹೆಚ್ಚಿನವನ್ನು ಬಾಡಿಗೆಗಿಂತ ಸ್ವಂತ ಜಾಗದಲ್ಲಿ ಕಟ್ಟಿಕೊಂಡವರು, ಪೂರೈಕೆದಾರರಿಗೆ ಬೇಗ ಹಣ ಕೊಟ್ಟು ಬೆಲೆ ಇಳಿಸಿಕೊಳ್ಳುವವರು, ಅಲಂಕಾರಕ್ಕೆ ದುಡ್ಡು ಸುರಿಯದವರು. ಬ್ಯಾಂಕಿನವನಾಗಿ ಇದಕ್ಕೆ ನಾನು ಅಂಕ ಕೊಡಲೇಬೇಕು. ಇದೂ ಕಾರಣ ಹೇಳಿದ ಅಗ್ಗವೇ. ಆದರೆ ಅವರ ವಾರ್ಷಿಕ ವರದಿ ಓದಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಒಟ್ಟು ಮಾರಾಟದ ನಾಲ್ಕನೇ ಒಂದಂಶದ ಆಸುಪಾಸು ಮಾತ್ರ ಬರುವುದು ಬಟ್ಟೆ, ಪಾತ್ರೆಗಳಂಥ ಸರಕಿನಿಂದ. ಅದರ ಪಾಲು ಇಳಿದರೆ ಲಾಭಾಂಶವೂ ಇಳಿಯುತ್ತದೆ ಎಂದು ಕಂಪೆನಿಯೇ ಹೇಳಿಕೊಂಡಿದೆ. ಅಂದರೆ ತೊಗರಿಬೇಳೆ ನಮ್ಮನ್ನು ಬಾಗಿಲೊಳಗೆ ಕರೆಯುತ್ತದೆ, ಅಂಗಿ ಲಂಗ ನಮ್ಮ ಕಿಸೆಗೆ ಕೈ ಹಾಕುತ್ತದೆ. ಬೇಳೆಗೆಂದು ಹೋದವರು ಬೇಳೆಯನ್ನೇ ತಂದರೆ ಲಾಭ ನಿಮ್ಮದು. ಹಾಗೆ ಬೇಳೆ ಮಾತ್ರ ತಂದವರನ್ನು ನಮ್ಮ ಬಿಲ್ಡಿಂಗಿನಲ್ಲಿ ನಾನಂತೂ ಕಂಡಿಲ್ಲ, ನನ್ನನ್ನೂ ಸೇರಿಸಿ.

ಕೆಳಗಿನ ಕಿರಾಣಿ ಅಂಗಡಿಯವನನ್ನು ದೇವರು ಮಾಡಲು ನಾನು ಹೊರಟಿಲ್ಲ. ಅವನ ತಕ್ಕಡಿಯೂ ಒಂದು ಬದಿಗೆ ವಾಲುತ್ತಿತ್ತು, ಅವನ ಅಕ್ಕಿಯಲ್ಲೂ ಕಲ್ಲಿತ್ತು. ಆದರೆ 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ನಾನು ಫೋರ್ಟಿನ ಆಫೀಸಿನಲ್ಲೇ ರಾತ್ರಿ ಕಳೆದೆ. ಮನೆಯಲ್ಲಿ ಹೆಂಡತಿ, ಮಕ್ಕಳಿಬ್ಬರು, ಕರೆಂಟಿಲ್ಲ. ಆ ಕಛ್ಛೀ ಅಂಗಡಿಯವನು ಮೊಣಕಾಲುದ್ದ ನೀರಿನಲ್ಲಿ ಹಾಲಿನ ಪುಡಿ, ಮೇಣದ ಬತ್ತಿ, ಬ್ರೆಡ್ಡು ಮನೆಗೆ ತಲುಪಿಸಿದ. ದುಡ್ಡು ಕೇಳಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡ. ಅವನು ಕೆಜಿಗೆ ಎರಡು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಿದ್ದ ಎಂಬುದು ನಿಜ. ಆ ಎರಡು ರೂಪಾಯಿ ನನ್ನ ಇನ್ಶೂರೆನ್ಸ್ ಪ್ರೀಮಿಯಂ ಆಗಿತ್ತು ಎಂಬುದು ಆ ರಾತ್ರಿ ಗೊತ್ತಾಯಿತು. ಯಾವ ಬಿಲ್ಲಿನ ಕೆಳತುದಿಯಲ್ಲೂ ಇದನ್ನು ಅಚ್ಚು ಹಾಕುವುದಿಲ್ಲ.

ಇನ್ನು ಕೆಲವು ಅಗ್ಗದ ಖರ್ಚು ಬಿದ್ದದ್ದು ಯಾರ ಮೇಲೆ ಗೊತ್ತೇ? ಸಾಕ್ಷಾತ್ ನಮ್ಮ ಮೇಲೆಯೇ. ಚೆನ್ನೈಯಲ್ಲಿ 1997ರಲ್ಲಿ ಶುರುವಾದ ಸುಭಿಕ್ಷಾ ಎಂಬ ರಿಯಾಯಿತಿ ಅಂಗಡಿಗಳ ಸರಣಿ ಮುಂಬಯಿಗೂ ಬಂದಿತ್ತು. ದೇಶದಲ್ಲಿ ಸಾವಿರದ ಆರುನೂರರಷ್ಟು ಅಂಗಡಿ ತೆರೆದು 2009ರಲ್ಲಿ ಕುಸಿಯಿತು. ಕೆಲಸಗಾರರ ಸಂಬಳ, ಸರಕು ಕೊಟ್ಟವರ ಬಾಕಿ, ಬ್ಯಾಂಕಿನ ಸಾಲ ಎಲ್ಲ ಹಾಗೇ ಉಳಿಯಿತು. 'ಸಬ್‌ಸೇ ಸಸ್ತಾ' ಎಂದ ಬಿಗ್ ಬಜಾರಿನ ಕಂಪೆನಿ ಫ್ಯೂಚರ್ ರಿಟೇಲ್ 2022ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು, ಬ್ಯಾಂಕ್ ಆಫ್ ಇಂಡಿಯಾದ ಅರ್ಜಿಯ ಮೇಲೆ. ಅದೇ ವರ್ಷ ಬಹಳಷ್ಟು ಮಳಿಗೆಗಳು ರಿಲಯನ್ಸಿನ ಕೈಗೆ ಹೋಗಿದ್ದವು. ಕೊರೋನಾ, ಅಮೆಜಾನ್ ಜತೆಗಿನ ವ್ಯಾಜ್ಯ ಎಂದು ಕಾರಣಗಳು ಹಲವಿದ್ದವು, ಅಗ್ಗ ಮಾರಿದ್ದರಿಂದಲೇ ಮುಳುಗಿತು ಎಂದು ನಾನು ಹೇಳುವುದಿಲ್ಲ. ಆದರೆ ಸಾಲದ ಮೇಲೆ ಅಂಗಡಿ ಬೆಳೆಸಿ, ಆ ಸಾಲ ಮುಳುಗಿದರೆ ಅದು ಬ್ಯಾಂಕಿನ ನಷ್ಟ. ಬ್ಯಾಂಕಿನಲ್ಲಿರುವ ಹಣ ಯಾರದು? ಗಣರಾಜ್ಯೋತ್ಸವದ ದಿನ ನಾವು ಬಕೆಟ್ಟಿನಲ್ಲಿ ಉಳಿಸಿದ ಮೂವತ್ತು ರೂಪಾಯಿ ಠೇವಣಿಯ ಬಡ್ಡಿಯಲ್ಲಿ, ಷೇರಿನ ನಷ್ಟದಲ್ಲಿ, ಸರಕಾರ ಬ್ಯಾಂಕಿಗೆ ತುಂಬುವ ಬಂಡವಾಳದಲ್ಲಿ ನಮ್ಮಿಂದಲೇ ವಾಪಸು ಹೋಗುತ್ತದೆ. ಹೋಗುವಾಗ ರಸೀದಿ ಕೊಡುವುದಿಲ್ಲ, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಮುಂಬಯಿಯ ಮಾತು. ಈಗ ಕರ್ನಾಟಕದಲ್ಲಿರುವ ನಿಮಗೆ ಸಂಬಂಧಿಸಿದ್ದಕ್ಕೆ ಬರುತ್ತೇನೆ.

ಸೇಲ್‌ನಲ್ಲಿ ಕೊಂಡ ಬಟ್ಟೆಯನ್ನು ನಾನು ಏನು ಮಾಡುತ್ತಿದ್ದೆ? ನನ್ನ ಕಪಾಟು ತುಂಬಿದ ಮೇಲೆ ಮಿಕ್ಕದ್ದು ಊರಿಗೆ. ಪ್ರತಿ ಮೇ ತಿಂಗಳು ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಸೀಟಿನಡಿ ಎರಡು ದೊಡ್ಡ ಚೀಲ. ಸೋದರತ್ತೆಗೆ ನೈಟಿ, ದೊಡ್ಡಮ್ಮನ ಮಗನಿಗೆ ಟೀ ಶರ್ಟು, ಎದುರು ಮನೆಯ ಮಕ್ಕಳಿಗೆ ಫ್ರಾಕು. ಉಡುಗೊರೆ ಕೊಡುವಾಗ ಬೆಲೆಯ ಚೀಟಿ ಕೀಳುವುದು ಮರ್ಯಾದೆ. ನಾನು ಕೀಳುತ್ತಿರಲಿಲ್ಲ! 'ಅಯ್ಯೋ, ಮರೆತೇಹೋಯ್ತು' ಎಂದು ನಾಟಕ ಮಾಡುತ್ತಿದ್ದೆ. 999 ಎಂಬುದನ್ನು ಅವರು ಓದಲಿ, ನಾನು ಕೊಟ್ಟ 349 ಅವರಿಗೆ ತಿಳಿಯದಿರಲಿ. ಆ ಸುಳ್ಳು ಬೆಲೆಯ ಲಾಭ ಅಂಗಡಿಯವನು ಮಾತ್ರ ಪಡೆಯಲಿಲ್ಲ, ನಾನೂ ಪಡೆದೆ. ಹೊರನಾಡಿನಲ್ಲಿರುವ ನಮ್ಮಲ್ಲಿ ಎಷ್ಟು ಮಂದಿ ಇದನ್ನು ಮಾಡಿದ್ದೇವೆ ಎಂಬುದು ನಮ್ಮ ನಮ್ಮ ಮನಸ್ಸಿಗೆ ಗೊತ್ತು.

ತಮಾಷೆಯೆಂದರೆ, ಒಮ್ಮೆ ಅಂಥ ಒಂದು ಅಂಗಿಯ ಒಳಗಿನ ಚೀಟಿ ನೋಡಿದೆ. ತಯಾರಾದದ್ದು ಬೆಂಗಳೂರಿನಲ್ಲಿ. ಬೆಂಗಳೂರಿನ ಹೆಣ್ಣುಮಕ್ಕಳು ಹೊಲಿದ ಅಂಗಿ ಮುಂಬಯಿಗೆ ಬಂದು, ಎರಡು ಪಟ್ಟು ಬೆಲೆ ಬರೆಸಿಕೊಂಡು, ಅರ್ಧಕ್ಕೆ ಇಳಿದು, ನನ್ನ ಚೀಲದಲ್ಲಿ ಕುಳಿತು, 'ಮುಂಬಯಿ ಅಂಗಿ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೇ ವಾಪಸು ಹೋಗಿತ್ತು. ಈ ಹೆಣ್ಣುಮಕ್ಕಳು ಯಾರೆಂದು 2016ರ ಏಪ್ರಿಲ್‌ನಲ್ಲಿ ದೇಶಕ್ಕೆ ತಿಳಿಯಿತು. ಭವಿಷ್ಯನಿಧಿಯ ಹಣವನ್ನು ಪೂರ್ತಿ ಹಿಂಪಡೆಯಲು 58 ವರ್ಷದವರೆಗೆ ಕಾಯಬೇಕೆಂದು ಕೇಂದ್ರ ಸರಕಾರ ನಿಯಮ ಮಾಡಿದಾಗ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೆಂಗಳೂರಿನ ಹೆದ್ದಾರಿಗಳಲ್ಲಿ ಬಂದು ಕೂತರು. ಎರಡನೇ ದಿನ ಸರಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಮಗಳ ಮದುವೆಗೆ, ಮನೆಯ ಕಾಯಿಲೆಗೆ ಅವರ ಹತ್ತಿರ ಬೇರೆ ಉಳಿತಾಯ ಇರಲಿಲ್ಲ, ಇದ್ದದ್ದು ಅದೊಂದೇ ಪಿ.ಎಫ್. ಇಡೀ ದಿನ ಅಂಗಿ ಹೊಲಿಯುವವಳ ಕೈಯಲ್ಲಿ ಉಳಿತಾಯ ಇಲ್ಲ, ಅದೇ ಅಂಗಿ ಕೊಂಡ ನನ್ನ ಬಿಲ್ಲಿನಲ್ಲಿ 'ನೀವು ಉಳಿಸಿದ ಹಣ' ಇದೆ! ಖರ್ಚು ಯಾರ ಖಾತೆಗೆ ಎಂದು ಇನ್ನೂ ಕೇಳಬೇಕೇ?

ಕೊನೆಯದಾಗಿ ಅಣ್ಣನ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ಅಣ್ಣ 2012ರಲ್ಲಿ ಅಂಗಡಿ ಮುಚ್ಚಿದ. ಮಂಗಳೂರಿನ ಸಗಟು ವ್ಯಾಪಾರಿಯಿಂದ ತಿಂಗಳ ಉದ್ದರಿಯಲ್ಲಿ ಬಟ್ಟೆ ತಂದು, ಊರಿನವರಿಗೆ ಕಡ ಕೊಟ್ಟು, ಕೊಯ್ಲಿನ ನಂತರ ವಸೂಲು ಮಾಡಿ ನಡೆಸುತ್ತಿದ್ದ ವ್ಯಾಪಾರ. ಜೂನ್‌ನಲ್ಲಿ ಶಾಲೆಯ ಯೂನಿಫಾರ್ಮು, ಚೌತಿಗೆ, ದೀಪಾವಳಿಗೆ ಹೊಸಬಟ್ಟೆ, ಅದರ ಮೇಲೆ ಮದುವೆಗಳು, ಇಷ್ಟೇ ಅವನ ವರ್ಷ. ನಿವೃತ್ತನಾದ ಮೇಲೆ ಒಮ್ಮೆ ಊರಿಗೆ ಹೋದಾಗ ಹಳೆಯ ಮನೆಯ ಮಾಳಿಗೆ ಶುಚಿ ಮಾಡುತ್ತಿದ್ದೆವು. ಅಂಗಡಿಯ ಕಡದ ಪುಸ್ತಕಗಳ ಕಟ್ಟು ಸಿಕ್ಕಿತು. ಬ್ಯಾಂಕಿನವನ ಕಣ್ಣಲ್ಲವೇ, ಸುಮ್ಮನಿರಲಿಲ್ಲ. ಚೌತಿಯ ತಿಂಗಳ ಪುಟಗಳನ್ನು ವರ್ಷ ವರ್ಷ ಹೋಲಿಸಿ ನೋಡಿದೆ. ಮೊದಲಿನ ವರ್ಷಗಳಲ್ಲಿ ಪುಟ ತುಂಬ ಹೆಸರುಗಳು. ಬರಬರುತ್ತ ಅರ್ಧ ಪುಟ. ತಪ್ಪಿಹೋದ ಹೆಸರುಗಳನ್ನು ಬೆರಳಿಟ್ಟು ಓದಿದೆ. ಸೋದರತ್ತೆಯ ಮನೆ. ದೊಡ್ಡಮ್ಮನ ಮನೆ. ಎದುರು ಮನೆ. ಒಂದೊಂದೂ ನನ್ನ ಚೀಲ ಇಳಿಯುತ್ತಿದ್ದ ಮನೆ.

"ಅಣ್ಣ, ನೀನು ಒಂದು ಮಾತು ಹೇಳಬಹುದಿತ್ತಲ್ಲ?" ಎಂದೆ.

"ಪ್ರೀತಿಯಲ್ಲಿ ತಂದದ್ದನ್ನ ಬೇಡ ಅಂಬುದು ಹ್ಯಾಂಗೆ ಮಾರಾಯ?" ಎಂದ ಅವನು. ಅತ್ತಿಗೆ ಚಾ ತಂದಿಟ್ಟು ಏನೂ ಹೇಳದೆ ಒಳಗೆ ಹೋದರು. ಅವರು ಹೇಳದಿದ್ದದ್ದೇ ನನಗೆ ಹೆಚ್ಚು ಕೇಳಿಸಿತು.

ಅಂಗಡಿ ಮುಚ್ಚಿದ್ದು ನನ್ನ ಎರಡು ಚೀಲದಿಂದಲೇ ಎಂದು ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ರೆಡಿಮೇಡ್ ಬಂತು, ಪೇಟೆಗೆ ದೊಡ್ಡ ಮಳಿಗೆ ಬಂತು, ಅಣ್ಣನ ಮಕ್ಕಳು ಬೆಂಗಳೂರು ಸೇರಿದರು. ಆದರೆ ನನ್ನ ಹಾಗೆ ಚೀಲ ಹೊತ್ತು ಬರುವವರು ಆ ಊರಿಗೆ ನಾನೊಬ್ಬನೇ ಅಲ್ಲ. ಮುಂಬಯಿಯವರು, ದುಬೈಯವರು, ಬೆಂಗಳೂರಿನವರು ಎಲ್ಲರ ಚೀಲಗಳನ್ನೂ ಕೂಡಿಸಿ ನೋಡಿ. ಊರು ಬಿಟ್ಟವರು ಊರಿನ ಮೇಲಿನ ಪ್ರೀತಿಯಿಂದಲೇ ಊರಿನ ಪೇಟೆಯ ವ್ಯಾಪಾರವನ್ನು ಒಂದಷ್ಟು ತಿಂದೆವು. ನಾನು ಹುಡುಕುತ್ತಿದ್ದ ಖರ್ಚಿನ ಒಂದು ಸಾಲು ಸಿಕ್ಕಿತು. ಅದು ನನ್ನ ಒಡಹುಟ್ಟಿದವನ ಕೈಬರಹದಲ್ಲಿತ್ತು.

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಒಪ್ಪುವುದಿಲ್ಲ. "ನಿಮಗೆ ಪೆನ್ಷನ್ ಬರ್ತದೆ, ನೀವು ಭಾಷಣ ಮಾಡ್ತೀರಿ. ಬಾಡಿಗೆ ಕಟ್ಟಿ ಎರಡು ಮಕ್ಕಳನ್ನ ಓದಿಸುವವರಿಗೆ ನೂರು ರೂಪಾಯಿ ಉಳಿದರೆ ಅದು ನೂರು ರೂಪಾಯಿಯೇ" ಎನ್ನುತ್ತಾಳೆ. ಅವಳ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ವಡಾಪಾವ್ ತಿಂದು ದುಡ್ಡು ಉಳಿಸಿ, ಮೇ ತಿಂಗಳಲ್ಲಿ ತಂಗಿಗೊಂದು ಚೂಡಿದಾರ್ ಒಯ್ಯುವ ಹೋಟೆಲಿನ ಹುಡುಗನಿಗೆ ನಾನು ಉಪದೇಶ ಮಾಡಿದರೆ ಅದು ಅನ್ಯಾಯ. ಬೇಕಾದ ಬೇಳೆ, ಬೇಕಾದ ಬಟ್ಟೆ ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಲಿ. ನನ್ನ ಜಗಳ ನನ್ನಂಥವರ ಜತೆ. ಕಪಾಟಿನಲ್ಲಿ ಇಪ್ಪತ್ತು ಅಂಗಿ ಇದ್ದೂ ಇಪ್ಪತ್ತೊಂದನೆಯದನ್ನು 'ಸೇಲ್ ಇತ್ತು' ಎಂಬ ಒಂದೇ ಕಾರಣಕ್ಕೆ ಕೊಂಡು, ಅದನ್ನು ಉಳಿತಾಯ ಎಂದು ಬರೆದುಕೊಳ್ಳುವ ಸಂಬಳದವರ, ಪೆನ್ಷನಿನವರ ಜತೆ.

ಅಗ್ಗವೆಂದು ಮುಗ್ಗಲು ಜೋಳ ಕೊಂಡರು ಎಂಬ ಗಾದೆಯಿದೆ. ನಮ್ಮ ಕರಾವಳಿಯಲ್ಲಿ ಜೋಳ ಬೆಳೆಯುವುದಿಲ್ಲ, ಆದರೂ ನಮ್ಮ ಅಮ್ಮನ ಬಾಯಲ್ಲಿ ಆ ಗಾದೆ ಇತ್ತು. ಅಮ್ಮನ ಕಾಲದಲ್ಲಿ ಜೋಳ ಮುಗ್ಗಿದ್ದರೆ ವಾಸನೆ ಬರುತ್ತಿತ್ತು, ಕೊಂಡವನೇ ಮೋಸ ಹೋಗುತ್ತಿದ್ದ. ಇಂದಿನ ಅಗ್ಗದ ಅಂಗಿಗೆ ವಾಸನೆ ಇಲ್ಲ, ಒಗೆದರೆ ಬಣ್ಣವೂ ಹೋಗುವುದಿಲ್ಲ. ಮುಗ್ಗಿದ ಭಾಗ ಇನ್ನೊಬ್ಬರ ಮನೆಯಲ್ಲಿರುತ್ತದೆ.

ಊರಿನ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಹೊರಗಿನಿಂದ ಬಂದವರನ್ನು 'ಎಂತ ತಂದೆ?' ಎಂದು ಕೇಳುವ ಬದಲು 'ಎಷ್ಟು ದಿನ ಇರ್ತೆ?' ಎಂದು ಕೇಳಿ. ಹೊರನಾಡಿನ ಗೆಳೆಯರಲ್ಲಿ ಇನ್ನೊಂದು. ಉಡುಗೊರೆಯ ದುಡ್ಡನ್ನು ಚೀಲದಲ್ಲಿ ತುಂಬಿ ಒಯ್ಯದೆ ಕಿಸೆಯಲ್ಲೇ ಒಯ್ಯಿರಿ, ಊರಿನ ಪೇಟೆಯಲ್ಲಿ ಇನ್ನೂ ಬಾಗಿಲು ತೆರೆದಿರುವ ಅಂಗಡಿಯಲ್ಲಿ ಖರ್ಚು ಮಾಡಿ. ನಾಲ್ಕು ಕಾಸು ಹೆಚ್ಚಾದರೆ ಆಗಲಿ. ಆ ಹೆಚ್ಚಿಗೆ ಯಾರ ಖಾತೆಗೆ ಜಮೆಯಾಯಿತು ಎಂದು ಆಗ ಕಣ್ಣಾರೆ ಕಾಣಬಹುದು.

ಕಳೆದ ಸಲ ಊರಿಗೆ ಹೋದಾಗ ಸೋದರತ್ತೆಯ ಸೊಸೆ ಮತ್ತೆ ಅದೇ ಪ್ರಶ್ನೆ ಕೇಳಿದಳು, "ಮುಂಬಯಿಯಲ್ಲಿ ಬಟ್ಟೆ ಭಾರೀ ಅಗ್ಗ ಅಂತಲ್ಲ?" ನನ್ನ ಕೈಯಲ್ಲಿ ಆ ಸಲ ಒಂದೇ ಚೀಲ, ಅದರಲ್ಲಿ ನನ್ನದೇ ಎರಡು ಜೊತೆ ಬಟ್ಟೆ. "ಅಗ್ಗ ಹೌದು" ಎಂದೆ, "ಮಕ್ಕಳಿಗೆ ಎಂತ ಬೇಕು ಹೇಳು, ನಾಳೆ ಪೇಟೆಗೆ ಹೋಗಿ ತರುವ."